ಕಂಬಳವೋ, ಸರ್ಫಿಂಗೋ?

ಮಂಗಳೂರಿಗೆ ಬಂದವರಿಗೆ ಒಂದೇ ದಿನ ಬಿಡುವಿದೆಯೇ? ನವೆಂಬರಿನಿಂದ ಮಾರ್ಚ್‌ವರೆಗಿನ ವಾರಾಂತ್ಯವಾದರೆ ಕಂಬಳಕ್ಕೇ ಹೋಗಿ. ಮೂಡುಬಿದಿರೆಯ ಕೋಟಿ-ಚೆನ್ನಯ ಜೋಡುಕರೆಯಂಥ (ಕರೆ ಎಂದರೆ ಕೋಣಗಳು ಓಡುವ ಕೆಸರಿನ ಹಾದಿ, ಜೋಡುಕರೆಯಲ್ಲಿ ಅಂಥವು ಎರಡು) ಕಡೆ ಕೋಣಗಳು ಹಗಲು ರಾತ್ರಿ ಓಡುತ್ತವೆ. ಹಗ್ಗ, ನೇಗಿಲು ವಿಭಾಗಗಳಲ್ಲಿ ವೇಗ ಮುಖ್ಯ. ಕನೆಹಲಗೆ ಎಂಬ ವಿಭಾಗದಲ್ಲಿ ನೀರು ಎಷ್ಟು ಎತ್ತರಕ್ಕೆ ಚಿಮ್ಮಿತೆಂಬುದೇ ಲೆಕ್ಕ, ನನಗಂತೂ ಅದೇ ಅತಿ ಚೆಂದ. 2020ರಲ್ಲಿ ಐಕಳದ ಕರೆಯಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿ ದೇಶವಿಡೀ ಸುದ್ದಿಯಾದರು. ಕೊನೆಯ ಸುತ್ತುಗಳು ಸಾಮಾನ್ಯವಾಗಿ ಮರುದಿನ ಬೆಳಗ್ಗೆ, ನಿದ್ದೆಗೆಡಲು ತಯಾರಿರಬೇಕು.

ನೋಡುವುದಕ್ಕಿಂತ ನೀವೇ ಇಳಿಯುವ ಆಸೆಯಿದ್ದರೆ ಮೂಲ್ಕಿ, ಸಸಿಹಿತ್ಲು ಕಡೆಯ ಅಲೆಗಳಿವೆ. ಸರ್ಫಿಂಗ್ ಕಲಿಸುವವರು ಅಲ್ಲೇ ಸಿಗುತ್ತಾರೆ. ಹೊಸಬರು ಮಳೆಗಾಲದ ಕಡಲಿಗೆ ಮಾತ್ರ ಇಳಿಯಬೇಡಿ.