ಕಪ್ಪು ಅಂಟು ಸುರಿದ ಫ್ಲ್ಯಾಂಜರ್: ದುಡ್ಡು ಕಟ್ಟುವ ಮೊದಲು ಒಳಗಿನ ಫೋಟೋ ಕೇಳಿ

ಸಣ್ಣ ತಯಾರಕರು ಕೈಯಲ್ಲೇ ಜೋಡಿಸಿ ಮಾರುವ ಫ್ಲ್ಯಾಂಜರ್ ಪೆಡಲ್ ಮೇಲೆ ಕಣ್ಣಿಟ್ಟಿದ್ದೀರಾ? ಹಾಗಿದ್ದರೆ ಇದನ್ನು ಓದಿ. ಫ್ಲ್ಯಾಂಜರ್ ಎಂದರೆ ಗಿಟಾರ್ ಸದ್ದಿಗೆ ಅದರದೇ ಚೂರು ತಡವಾದ ನಕಲನ್ನು ಬೆರೆಸಿ, ಆ ತಡವನ್ನು ಹೆಚ್ಚುಕಡಿಮೆ ಮಾಡುತ್ತಾ ಏರಿಳಿತ ಹುಟ್ಟಿಸುವ ಪೆಡಲ್. ನಾನು ತರಿಸಿಕೊಂಡ ಪೆಡಲ್ ಈಗ ಕಪಾಟಿನಲ್ಲಿ ಸುಮ್ನೆ ಕೂತಿದೆ. ತಯಾರಕರ ಹೆಸರು ಹೇಳುವುದಿಲ್ಲ. ಹೀಗೆ ಮಾಡುವವರು ಅವರೊಬ್ಬರೇ ಅಲ್ಲ. ಹೆಸರಿಗಿಂತ ಲಕ್ಷಣ ಗೊತ್ತಿದ್ದರೆ ನಿಮಗೆ ಜಾಸ್ತಿ ಉಪಯೋಗ.

ನೋಡಲು ಚೆಂದದ ಪೆಡಲ್. ಗಟ್ಟಿ ಅಲ್ಯೂಮಿನಿಯಂ ಡಬ್ಬಿ, ಕೈಯಲ್ಲಿ ಬಿಡಿಸಿದ ಚಿತ್ರ, ಹಿಡಿತಕ್ಕೆ ಸಿಗುವ ದೊಡ್ಡ ನಾಬ್‌ಗಳು. ಗಿಟಾರ್ ನುಡಿಸುವವರ ಅಭಿಪ್ರಾಯವೂ ಬಹುತೇಕ ಹೊಗಳಿಕೆಯೇ. 1976ರ ಹೆಸರಾಂತ ಫ್ಲ್ಯಾಂಜರ್ ಎಲೆಕ್ಟ್ರಿಕ್ ಮಿಸ್ಟ್ರೆಸ್ ನೆನಪಾಗುತ್ತದೆ ಎಂದವರಿದ್ದಾರೆ, ಜೆಟ್ ವಿಮಾನ ತಲೆಯ ಮೇಲೆ ಹೋದ ಹಾಗೆ ಎಂದವರಿದ್ದಾರೆ. ಅವರು ಸುಳ್ಳು ಹೇಳಿಲ್ಲ, ಏರಿಳಿತ ನಿಜಕ್ಕೂ ಚೆನ್ನಾಗಿದೆ. ಆದರೆ ಕೊಳ್ಳುವ ಮೊದಲು ನಾನು ಕೇಳಿದ ಡೆಮೊಗಳಲ್ಲೆಲ್ಲ ಹಿಂದೆ ಡ್ರಮ್ಸ್, ಬೇಸ್, ಮುಂದೆ ಗಿಟಾರ್ ಸದ್ದನ್ನು ಒರಟಾಗಿಸುವ ಭರ್ತಿ ಡಿಸ್ಟಾರ್ಶನ್. ಅಷ್ಟು ಗದ್ದಲದಲ್ಲಿ ಪೆಡಲ್‌ನ ಸ್ವಂತ ಸದ್ದು ಯಾರಿಗೆ ಕೇಳಿಸಬೇಕು?

ಮನೆಯಲ್ಲಿ ಪ್ಲಗ್ ಮಾಡಿ, ಗಿಟಾರ್ ಮುಟ್ಟದೆ ಸುಮ್ಮನೆ ಕುಳಿತಾಗ ಅದು ಕೇಳಿಸಿತು. ಟಿಕ್, ಟಿಕ್, ಟಿಕ್. ರೇಟ್ ನಾಬ್ ತಿರುಗಿಸಿದರೆ ಟಿಕ್ ಕೂಡ ವೇಗವಾಗುತ್ತದೆ. ಅಲ್ಲಿಗೆ ಮೂಲ ಗೊತ್ತಾದಂತೆಯೇ. ಏರಿಳಿತ ಹುಟ್ಟಿಸುವ ನಿಧಾನ ಆಸಿಲೇಟರ್, ಅಂದರೆ ಎಲ್‌ಎಫ್‌ಒ, ದಿಕ್ಕು ಬದಲಿಸುವಾಗಲೆಲ್ಲ ಕರೆಂಟನ್ನು ಗಕ್ಕನೆ ಎಳೆಯುತ್ತದೆ. ಗ್ರೌಂಡ್ ದಾರಿ ಸರಿಯಾಗಿ ಹಾಕಿರದಿದ್ದರೆ ಆ ಎಳೆತ ಸೀದಾ ಆಡಿಯೊಗೆ ನುಗ್ಗುತ್ತದೆ. ಅಡಾಪ್ಟರ್ ದೋಷವಿರಬಹುದೆಂದು 9 ವೋಲ್ಟ್ ಬ್ಯಾಟರಿ ಹಾಕಿ ನೋಡಿದೆ. ಟಿಕ್ ಹೋಗಲಿಲ್ಲ. ಬ್ಯಾಟರಿಯಲ್ಲೂ ಉಳಿಯುವ ಟಿಕ್ ಪೆಡಲ್‌ನ ಒಳಗಿನದೇ.

ಇನ್ನೊಂದು ಸದ್ದೂ ಇತ್ತು. ಅನಲಾಗ್ ಕೋರಸ್ ಎಂಬ ಇನ್ನೊಂದು ಪೆಡಲ್ ಜೊತೆ ಒಂದೇ ಪವರ್ ಸಪ್ಲೈನಲ್ಲಿ ಜೋಡಿಸಿದರೆ ಕುಂಯ್ ಎಂಬ ಸಣ್ಣ ಕೂಗು ಏರುತ್ತಾ ಇಳಿಯುತ್ತಾ ಇರುತ್ತದೆ. ಈ ಎರಡೂ ಬಕೆಟ್ ಬ್ರಿಗೇಡ್ ಚಿಪ್ ಬಳಸುವ ಪೆಡಲ್‌ಗಳು. ಚಿಪ್ ಸಿಗ್ನಲ್ಲನ್ನು ಒಂದು ಹಂತದಿಂದ ಮುಂದಿನ ಹಂತಕ್ಕೆ ದಾಟಿಸುತ್ತಾ ತಡ ಮಾಡುತ್ತದೆ, ದಾಟಿಸುವ ವೇಗವನ್ನು ಕ್ಲಾಕ್ ಹೇಳುತ್ತದೆ. 1024 ಹಂತದ ಚಿಪ್‌ಗೆ 50 ಕಿಲೋಹರ್ಟ್ಸ್ ಕ್ಲಾಕ್ ಕೊಟ್ಟರೆ ಸುಮಾರು 10 ಮಿಲಿಸೆಕೆಂಡ್ ಡಿಲೇ, 500 ಕಿಲೋಹರ್ಟ್ಸ್ ಕೊಟ್ಟರೆ 1 ಮಿಲಿಸೆಕೆಂಡ್. ಕ್ಲಾಕ್ ಒಂದೇ ಇದ್ದರೆ ಅದು ಕಿವಿಗೆ ಎಟುಕದ ಎತ್ತರದಲ್ಲಿರುತ್ತದೆ. ಎರಡು ಕ್ಲಾಕ್ ಬೆರೆತರೆ ಅವುಗಳ ನಡುವಿನ ವ್ಯತ್ಯಾಸ ಕೇಳಿಸುತ್ತದೆ. ಪ್ರತಿ ಪೆಡಲ್‌ಗೂ ಪ್ರತ್ಯೇಕ ಪವರ್ ಕೊಡುವ ಐಸೊಲೇಟೆಡ್ ಸಪ್ಲೈಗೆ ಹಾಕಿದ ಮೇಲೆ ಈ ಕೂಗು ನಿಂತಿತು. ಇದಕ್ಕೆ ತಯಾರಕರನ್ನು ಜಾಸ್ತಿ ಬೈಯುವುದಿಲ್ಲ.

ಬೈಯಬೇಕಾದದ್ದು ಮುಂದಿದೆ. ತಡವಾದ ಸದ್ದನ್ನು ಮತ್ತೆ ಒಳಕ್ಕೆ ಕಳಿಸುವ ಫೀಡ್‌ಬ್ಯಾಕ್ ನಾಬನ್ನು ಮುಕ್ಕಾಲು ಭಾಗ ದಾಟಿಸಿದರೆ ಪೆಡಲ್ ತಾನಾಗಿಯೇ ಕಿರುಚುತ್ತದೆ. ಜೋರು ಸಿಗ್ನಲ್ ಕೊಡುವ ಹಂಬಕರ್ ಪಿಕಪ್‌ನಲ್ಲಿ ಸ್ವಲ್ಪ ಜೋರಾಗಿ ನುಡಿಸಿದರೆ ತಡವಾಗಿ ಬರುವ ಸದ್ದು ಒಡೆಯುತ್ತದೆ. ಎರಡೂ ಕ್ಯಾಲಿಬ್ರೇಶನ್, ಅಂದರೆ ಒಳಗಿನ ಹೊಂದಾಣಿಕೆ, ತಪ್ಪಿದ ಲಕ್ಷಣ. ಬಕೆಟ್ ಬ್ರಿಗೇಡ್ ಚಿಪ್‌ಗಳು ಒಂದಕ್ಕಿಂತ ಒಂದು ಸ್ವಲ್ಪ ಬೇರೆ ಇರುತ್ತವೆ. ಅದಕ್ಕೇ ಬಯಾಸ್ (ಚಿಪ್‌ಗೆ ಕೊಡುವ ಸ್ಥಿರ ವೋಲ್ಟೇಜ್), ಕ್ಲಾಕ್ ವ್ಯಾಪ್ತಿ, ಫೀಡ್‌ಬ್ಯಾಕ್ ಮಿತಿ ಇವನ್ನೆಲ್ಲ ಹೊಂದಿಸಲು ಬೋರ್ಡ್ ಮೇಲೆ ಪುಟ್ಟ ಟ್ರಿಮ್ ಪಾಟ್‌ಗಳನ್ನು ಇಟ್ಟಿರುತ್ತಾರೆ. ಸಣ್ಣ ಸ್ಕ್ರೂಡ್ರೈವರ್ ಇದ್ದರೆ ಮುಗಿಯುವ ಕೆಲಸ. ಪೆಡಲ್‌ಗೆ ವಯಸ್ಸಾದಂತೆ ಮತ್ತೆ ಬೇಕಾಗುವ ಕೆಲಸವೂ ಹೌದು.

ಮುಚ್ಚಳ ತೆಗೆದರೆ ಬೋರ್ಡ್ ತುಂಬಾ ಕಪ್ಪು ಎಪಾಕ್ಸಿ ಅಂಟು. ಡಾಂಬರು ಹಾಕಿದ ರಸ್ತೆಯ ಹಾಗೆ. ಟ್ರಿಮ್ ಪಾಟ್‌ಗಳೂ ಅದರಡಿಯಲ್ಲೇ ಹೂತುಹೋಗಿವೆ. ಯಾವ ಚಿಪ್ ಇದೆ ಎಂದು ಓದಲೂ ಸಾಧ್ಯವಿಲ್ಲ. ಬೇರೆಯವರು ನಕಲು ಮಾಡದಿರಲಿ ಎಂದು ಹೀಗೆ ಮಾಡುತ್ತಾರಂತೆ. ಸದ್ದನ್ನು ಒಡೆಯುವ ಸರಳ ಫಜ್ ಪೆಡಲ್‌ಗೆ ಅಂಟು ಸುರಿದರೆ ಹೇಗೋ ಸಹಿಸಬಹುದು. ಟ್ರಿಮ್ ಪಾಟ್ ಮುಟ್ಟದೆ ಬದುಕಲಾಗದ ಫ್ಲ್ಯಾಂಜರ್‌ಗೆ ಸುರಿಯುವುದೆಂದರೆ ಕೆಟ್ಟ ವಿನ್ಯಾಸ, ಬೇರೆ ಮಾತಿಲ್ಲ.

ಜಾಹೀರಾತಿನಲ್ಲಿ ಥ್ರೂ-ಝೀರೊ ಎಂದೂ ಇತ್ತು, ಅಂದರೆ ಎರಡು ಸದ್ದುಗಳ ನಡುವಿನ ಅಂತರ ಸೊನ್ನೆ ದಾಟಿ ಆಚೆ ಹೋಗುವುದು. ಹಿಂದೆ ಎರಡು ಟೇಪ್ ಯಂತ್ರ ಒಟ್ಟಿಗೆ ಓಡಿಸಿ, ಒಂದರ ರೀಲ್ ಅಂಚಿಗೆ ಬೆರಳು ತಾಗಿಸಿ ನಿಧಾನ ಮಾಡುತ್ತಿದ್ದರಲ್ವಾ, ಆಗ ಒಂದು ಇನ್ನೊಂದನ್ನು ದಾಟಿ ಹೋಗುತ್ತಿತ್ತು. ಅದು ಪೆಡಲ್‌ನಲ್ಲಿ ಆಗಬೇಕಾದರೆ ನೇರ ಸದ್ದಿಗೂ ಒಂದಿಷ್ಟು ಡಿಲೇ ಕೊಡಬೇಕು. ಎರಡರಲ್ಲಿ ಒಂದನ್ನು ತಲೆಕೆಳಗು ಮಾಡಿ ಬೆರೆಸಿದ್ದರೆ ಸೊನ್ನೆ ದಾಟುವ ಕ್ಷಣದಲ್ಲಿ ಸದ್ದು ಹೆಚ್ಚುಕಡಿಮೆ ಮಾಯವಾಗುತ್ತದೆ. ಡಿಸ್ಟಾರ್ಶನ್ ಹಾಕಿ, ಗಿಟಾರ್‌ನಲ್ಲಿ ಒಂದು ಕಾರ್ಡ್ (ಸ್ವರಗುಚ್ಛ) ಹಿಡಿದು, ರೇಟ್ ಪೂರ್ತಿ ಇಳಿಸಿ ಕಾಯ್ದೆ. ತಲೆಕೆಳಗು ಮಾಡುವ ಸ್ವಿಚ್ ಒತ್ತಿಯೂ ಕಾಯ್ದೆ. ಸದ್ದು ತೆಳುವಾಯಿತೇ ಹೊರತು ಮಾಯವಾಗಲಿಲ್ಲ.

ತಯಾರಕರಿಗೆ ಬರೆದೆ. ಟಿಕ್ ಅನಲಾಗ್‌ನ ಗುಣ, ಅದೇ ಇದರ ಸೊಗಸು ಎಂದರು. ಫೀಡ್‌ಬ್ಯಾಕ್ ಬಗ್ಗೆ ಒತ್ತಿ ಕೇಳಿದಾಗ, ಮುಚ್ಚಳ ತೆಗೆದಿದ್ದೀರಿ, ವಾರಂಟಿ ಮುಗಿಯಿತು ಎಂದರು. ನುಡಿಸುವ ಗೆಳೆಯರಲ್ಲೂ ಎರಡು ಪಕ್ಷ. ವೇದಿಕೆಯಲ್ಲಿ ಟಿಕ್ ಯಾರಿಗೂ ಕೇಳಿಸಲ್ಲ ಬಿಡು ಎನ್ನುತ್ತಾರೆ ಕೆಲವರು. ವೇದಿಕೆಗೆ ಸರಿ. ರೆಕಾರ್ಡಿಂಗ್‌ನಲ್ಲಿ ಕ್ಲೀನ್ ಗಿಟಾರ್ ನಿಲ್ಲುವ ಪ್ರತಿ ಜಾಗದಲ್ಲೂ ಅದು ಇಣುಕುತ್ತದೆ. ಹಳೆಯ ಪೆಡಲ್‌ಗಳಲ್ಲೂ ಸದ್ದು ಇತ್ತಲ್ಲ ಎನ್ನುವವರಿಗೆ ನನ್ನ ಉತ್ತರ ಒಂದೇ: ಅವುಗಳನ್ನು ಬಿಚ್ಚಿ ಸರಿಪಡಿಸಬಹುದಿತ್ತು.

ಹಾಗಾಗಿ ಕೊಳ್ಳುವ ಮೊದಲು ಬೋರ್ಡ್‌ನ ಫೋಟೋ ಕೇಳಿ. ಟ್ರಿಮ್ ಪಾಟ್ ಕಾಣಬೇಕು, ಸ್ಕ್ರೂಡ್ರೈವರ್ ತಲುಪಬೇಕು. ಗಿಟಾರ್ ನುಡಿಸದೆ, ಪೆಡಲ್ ಆನ್ ಇಟ್ಟು, ಅರ್ಧ ನಿಮಿಷ ರೆಕಾರ್ಡ್ ಮಾಡಿ ಕಳಿಸಿ ಎನ್ನಿ. ಎಲ್ಲ ನಾಬ್‌ಗಳೂ ಪೂರ್ತಿ ಏರಿಸಿದಾಗ ಏನಾಗುತ್ತದೆ ಎಂದೂ ಕೇಳಿ. ಅದು ನಮ್ಮ ಗುಟ್ಟು ಎಂಬ ಉತ್ತರ ಬಂದರೆ, ಬಾಸ್ ಕಂಪನಿಯ ಬಿಎಫ್-2 ಫ್ಲ್ಯಾಂಜರನ್ನು ಸೆಕೆಂಡ್ ಹ್ಯಾಂಡ್ ಹುಡುಕಿ. ಅದರಲ್ಲಿ ಥ್ರೂ-ಝೀರೊ ಇಲ್ಲ, ಕೈಯಲ್ಲಿ ಬಿಡಿಸಿದ ಚಿತ್ರವೂ ಇಲ್ಲ. ಆದರೆ ಬೋರ್ಡ್ ಮೇಲೆ ಅಂಟಿಲ್ಲ, ಟ್ರಿಮ್ ಪಾಟ್ ಕೈಗೆ ಸಿಗುತ್ತದೆ, ಸರ್ಕ್ಯೂಟ್ ನಕ್ಷೆ ರಿಪೇರಿ ಮಾಡುವವರಿಗೆ ಚೆನ್ನಾಗಿ ಗೊತ್ತು.