ಟಿಳಕವಾಡಿಯ ಕಾರ್ಡ್ ಅಂಗಡಿ: ಆಟ ಚೆನ್ನ, ಜಾಗ ಇಕ್ಕಟ್ಟು

ಬೆಳಗಾವಿಯ ಟಿಳಕವಾಡಿಯಲ್ಲಿರುವ ಈ ಚಿಕ್ಕ ಅಂಗಡಿಯಲ್ಲಿ ಭಾನುವಾರ ಪೋಕೆಮಾನ್ ಕಾರ್ಡ್ ಟೂರ್ನಿ ನಡೆಸುತ್ತಾರೆ. ವ್ಯವಸ್ಥೆ ಪಕ್ಕಾ. ಶುರುವಾಗುವ ಮೊದಲೇ ಎಲ್ಲರ ಡೆಕ್ (ಆಡಲು ತಂದ ಕಾರ್ಡ್ ಕಟ್ಟು) ಎಣಿಸಿ ನೋಡುತ್ತಾರೆ: ಸರಿಯಾಗಿ 60 ಕಾರ್ಡ್ ಇರಬೇಕು, ಬೇಸಿಕ್ ಎನರ್ಜಿ (ಪೋಕೆಮಾನ್‌ಗೆ ದಾಳಿ ಮಾಡಲು ಶಕ್ತಿ ಕೊಡುವ ಸಾದಾ ಕಾರ್ಡ್) ಬಿಟ್ಟರೆ ಒಂದೇ ಹೆಸರಿನದು 4ಕ್ಕಿಂತ ಜಾಸ್ತಿ ಇರುವಂತಿಲ್ಲ. ಸ್ವಿಸ್ ಪದ್ಧತಿ ಆದ್ದರಿಂದ ಮೊದಲ ಸುತ್ತಲ್ಲೇ ಸೋತವರು ಸುಮ್ನೆ ಮನೆಗೆ ಹೋಗಬೇಕಿಲ್ಲ, ಮುಂದಿನ ಸುತ್ತಿನಲ್ಲಿ ಹೆಚ್ಚುಕಡಿಮೆ ತಮ್ಮಷ್ಟೇ ಗೆದ್ದವರ ಎದುರು ಕೂರುತ್ತಾರೆ, ಹೊಸಬರಿಗೆ ಇದೇ ದೊಡ್ಡ ಲಾಭ ಅಲ್ವಾ?

ಆದರೆ ಜಾಗ ಸಾಲದು. ಮೊಣಕೈ ತಾಗಿದರೆ ಪಕ್ಕದವರ 6 ಪ್ರೈಜ್ ಕಾರ್ಡ್ (ಎದುರಾಳಿಯ ಪೋಕೆಮಾನ್ ಸೋಲಿಸಿದಾಗ ಎತ್ತಿಕೊಳ್ಳಲು ಮುಚ್ಚಿಟ್ಟವು) ಚೆಲ್ಲಾಪಿಲ್ಲಿ. ಫ್ಯಾನ್ ಹಾಕಿದರೆ ಕಾರ್ಡ್ ಹಾರುತ್ತವೆ, ಹಾಕದಿದ್ದರೆ ಬೆವರು! ಕಾರ್ಡ್‌ಗೆ ಹಾಕುವ ಪ್ಲಾಸ್ಟಿಕ್ ಸ್ಲೀವ್ ಮನೆಯಿಂದಲೇ ತನ್ನಿ, ಇಲ್ಲಿ ದುಬಾರಿ. ಜಡ್ಜ್ ಹುಡುಗ ಮಾತ್ರ ಬಂಗಾರ, ಕನ್ನಡ, ಮರಾಠಿ ಎರಡರಲ್ಲೂ ತಾಳ್ಮೆಯಿಂದ ನಿಯಮ ಬಿಡಿಸಿ ಹೇಳುತ್ತಾನೆ.