ಒಳಾಂಗಣ ಕ್ರೀಡೆಗೆ ಕ್ಯಾನನ್ 85 ಎಂಎಂ ಎಫ್/1.8: ಒಂದು ವಿಮರ್ಶೆ

ಒಳಾಂಗಣ ಕ್ರೀಡಾಂಗಣದ ದೀಪಗಳು ಕಣ್ಣಿಗೆ ಎಷ್ಟೇ ಪ್ರಖರವಾಗಿ ಕಂಡರೂ ಕ್ಯಾಮೆರಾದ ಪಾಲಿಗೆ ಆ ಬೆಳಕು ಮುಸ್ಸಂಜೆಯದಷ್ಟೇ ಆಗಿರುತ್ತದೆ. ಕ್ಯಾಮೆರಾದ ಜೊತೆಗೇ ಬಂದಿದ್ದ ಜೂಮ್ ಲೆನ್ಸ್‌ನಲ್ಲಿ ನಾನು ಬಹಳ ಕಾಲ ತೆಗೆದ ವಾಲಿಬಾಲ್ ಚಿತ್ರಗಳಲ್ಲಿ ನೆಟ್‌ನ ಒಂದೊಂದು ಎಳೆಯೂ ಸ್ಪಷ್ಟವಾಗಿರುತ್ತಿತ್ತು, ಜಿಗಿದು ಚೆಂಡು ಹೊಡೆಯುತ್ತಿದ್ದ ಆಟಗಾರ್ತಿಯ ಕೈ ಮಾತ್ರ ಕಲಸಿಹೋಗಿರುತ್ತಿತ್ತು. ಆ ಕೊರತೆಯನ್ನು ನೀಗಿಸಿದ ಲೆನ್ಸ್ ಕ್ಯಾನನ್ ಇಎಫ್ 85 ಎಂಎಂ ಎಫ್/1.8 ಯುಎಸ್‌ಎಂ. ಇದು 1992ರಲ್ಲಿ ಮಾರುಕಟ್ಟೆಗೆ ಬಂದ ವಿನ್ಯಾಸ.

ಜೂಮ್ ಲೆನ್ಸ್‌ನ ದೂರದ ತುದಿಯಲ್ಲಿ ಸಿಗುವ ಎಫ್/5.6ಕ್ಕೆ ಹೋಲಿಸಿದರೆ ಎಫ್/1.8 ಅಪರ್ಚರ್ (ಬೆಳಕು ಒಳಬರುವ ರಂಧ್ರ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಅದು ದೊಡ್ಡದು) ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕನ್ನು ಒಳಬಿಡುತ್ತದೆ. ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟವಾದ ಐಎಸ್‌ಒವನ್ನು 3200ಕ್ಕೆ ಇಟ್ಟಾಗ ಇದು 1/800 ಸೆಕೆಂಡ್ ಶಟರ್ ವೇಗ, ಅಂದರೆ ಬೆಳಕು ಒಳಬರುವ ಅವಧಿ, ಕೊಡುವ ಜಾಗದಲ್ಲಿ ಆ ಜೂಮ್‌ಗೆ ಸಿಗುವುದು 1/80 ಸೆಕೆಂಡ್ ಮಾತ್ರ. ಬಾಸ್ಕೆಟ್‌ಬಾಲ್ ಆಟಗಾರ ಜಿಗಿತದ ತುತ್ತತುದಿಯಲ್ಲಿ ಕ್ಷಣಕಾಲ ನಿಂತಂತಿರುವಾಗ 1/500 ಸಾಕಾಗುತ್ತದೆ. ಓಟಕ್ಕೂ ವಾಲಿಬಾಲ್ ಹೊಡೆತಕ್ಕೂ 1/800ಕ್ಕಿಂತ ಕೆಳಗಿಳಿಯಬಾರದು ಎಂಬುದು ನನ್ನ ಅನುಭವ. ಬ್ಯಾಡ್ಮಿಂಟನ್ ಶಟಲ್‌ನ ಮಾತೇ ಬೇರೆ. ಭಾರತದ ಬ್ಯಾಡ್ಮಿಂಟನ್ ಆಟಗಾರ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಅವರ 2023ರ ಗಿನ್ನೆಸ್ ದಾಖಲೆಯ ಸ್ಮ್ಯಾಶ್‌ನ ವೇಗ ಗಂಟೆಗೆ 565 ಕಿಲೋಮೀಟರ್. ಆ ವೇಗದಲ್ಲಿ 1/1000 ಸೆಕೆಂಡ್ ಮುಗಿಯುವಷ್ಟರಲ್ಲಿ ಶಟಲ್ ಸುಮಾರು ಹದಿನಾರು ಸೆಂಟಿಮೀಟರ್ ಸಾಗಿರುತ್ತದೆ. ಆದ್ದರಿಂದ ಶಟಲ್ ತುಸು ಮಸುಕಾದರೂ ಆಗಲಿ ಎಂದು ಬಿಟ್ಟು, ಆಟಗಾರನ ಕಣ್ಣು ಮತ್ತು ಮಣಿಕಟ್ಟಿನ ಮೇಲೆ ಗಮನವಿಡುವುದೇ ಸರಿ. ಫ್ಲ್ಯಾಶ್ ಬಳಸುವ ಯೋಚನೆಯನ್ನಂತೂ ಮಾಡಲೇಬಾರದು. ಶಟಲ್‌ನ ಮೇಲೆ ದೃಷ್ಟಿ ನೆಟ್ಟವರ ಕಣ್ಣಿಗೆ ಅದು ಅಪಾಯಕಾರಿ.

ಬೆಳಕಿನಷ್ಟೇ ಮುಖ್ಯವಾದದ್ದು ಫೋಕಸ್‌ನ ವೇಗ. ಇದರಲ್ಲಿರುವ ಉಂಗುರಾಕಾರದ ಅಲ್ಟ್ರಾಸಾನಿಕ್ ಮೋಟಾರ್ ಸದ್ದಿಲ್ಲದೆ, ತಡವರಿಸದೆ ಕೆಲಸ ಮಾಡುತ್ತದೆ. ಚಲಿಸುವವರ ಮೇಲೆ ಬಿಡದೆ ಫೋಕಸ್ ಮಾಡುತ್ತಿರುವ ಎಐ ಸರ್ವೋ ವಿಧಾನದಲ್ಲಿ ಒಂದೇ ಫೋಕಸ್ ಬಿಂದುವನ್ನು ಆಟಗಾರನ ಎದೆಯ ಮೇಲಿಟ್ಟು ಹಿಂಬಾಲಿಸಿದಾಗ, ಅವನು ನೇರವಾಗಿ ನಮ್ಮ ಕಡೆಗೇ ನುಗ್ಗಿ ಬರುತ್ತಿದ್ದರೂ ಹೆಚ್ಚಿನ ಚಿತ್ರಗಳು ಸ್ಪಷ್ಟವಾಗಿ ಬರುತ್ತವೆ. ಆದರೆ ದೊಡ್ಡ ಸೆನ್ಸರ್‌ನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಆರು ಮೀಟರ್ ದೂರದಿಂದ ಎಫ್/1.8ರಲ್ಲಿ ತೆಗೆದಾಗ ಸ್ಪಷ್ಟವಾಗಿರುವ ಪಟ್ಟಿಯ ಆಳ ಅರ್ಧ ಮೀಟರ್ ಅಷ್ಟೇ. ಮುಖ ಸ್ಪಷ್ಟವಾಗಿದ್ದರೂ ಮುಂದೆ ಚಾಚಿದ ರ‍್ಯಾಕೆಟ್ ಮೃದುವಾಗಿಬಿಡಬಹುದು. ಬೆಳಕು ಒಪ್ಪಿದಾಗಲೆಲ್ಲ ನಾನು ಅಪರ್ಚರನ್ನು ಎಫ್/2.2ಕ್ಕೆ ಕಿರಿದಾಗಿಸುತ್ತೇನೆ, ಪೂರ್ತಿ ತೆರೆದಾಗ ಹೊಳೆಯುವ ಅಂಚುಗಳ ಸುತ್ತ ಮೂಡುವ ನೇರಳೆ ಗೆರೆಯೂ ಆಗ ಕಡಿಮೆಯಾಗುತ್ತದೆ.

ಇದು ಜೂಮ್ ಆಗುವುದಿಲ್ಲವಾದ್ದರಿಂದ ನಿಲ್ಲುವ ಜಾಗವನ್ನು ಮೊದಲೇ ಆರಿಸಿಕೊಳ್ಳಬೇಕು. ಫುಲ್ ಫ್ರೇಮ್ ಕ್ಯಾಮೆರಾವನ್ನು ನಿಲುವಾಗಿ ಹಿಡಿದರೆ ಆರು ಮೀಟರ್ ದೂರದಲ್ಲಿ ಎರಡೂವರೆ ಮೀಟರ್ ಎತ್ತರ ಚೌಕಟ್ಟಿನೊಳಗೆ ಬರುತ್ತದೆ, ಅಂದರೆ ಕೈ ಎತ್ತಿ ನಿಂತ ಆಟಗಾರ ಸರಿಯಾಗಿ ಹಿಡಿಸುತ್ತಾನೆ. ಚಿಕ್ಕ ಸೆನ್ಸರ್ ಇರುವ ಕ್ಯಾನನ್‌ನ ಎಪಿಎಸ್-ಸಿ ಕ್ಯಾಮೆರಾಗಳಲ್ಲಿ ನೋಟ ಕಿರಿದಾಗಿ ಇದೇ ಲೆನ್ಸ್ 136 ಎಂಎಂನಂತೆ ವರ್ತಿಸುವುದರಿಂದ ಒಂಬತ್ತು ಹತ್ತು ಮೀಟರ್ ಹಿಂದೆ ಸರಿಯಬೇಕಾಗುತ್ತದೆ. ಬ್ಯಾಡ್ಮಿಂಟನ್ ಅಂಕಣದ ಉದ್ದ 13.4 ಮೀಟರ್ ಇರುವುದರಿಂದ, ಅಂತಿಮ ಗೆರೆಯ ಹಿಂದೆ ಒಂದು ಮೂಲೆಯಲ್ಲಿ ಕುಳಿತು ನೆಟ್‌ನಾಚೆಯ ಆಟಗಾರನ ಮುಖವನ್ನು ಹಿಡಿಯುವುದು ನನಗೆ ಅತ್ಯಂತ ಪ್ರಿಯವಾದ ಕೋನ.

ಲೆನ್ಸ್‌ನ ತೂಕ 425 ಗ್ರಾಂ, ಫಿಲ್ಟರ್ ಅಳತೆ 58 ಎಂಎಂ. ಚಿತ್ರ ಸ್ಥಿರಗೊಳಿಸುವ ವ್ಯವಸ್ಥೆ ಇದರಲ್ಲಿಲ್ಲ. ಅದು ನಮ್ಮ ಕೈಯ ನಡುಕವನ್ನಷ್ಟೇ ತಡೆಯುತ್ತದೆಯೇ ಹೊರತು ಆಟಗಾರನ ಚಲನೆಯನ್ನಲ್ಲವಾದ್ದರಿಂದ ಈ ಕೆಲಸಕ್ಕೆ ಅದರ ಕೊರತೆ ಕಾಡುವುದಿಲ್ಲ. ಒಂದರ ಹಿಂದೊಂದು ತೆಗೆದ ಚಿತ್ರಗಳಲ್ಲಿ ಬಣ್ಣ, ಬೆಳಕು ಏರುಪೇರಾದರೆ ಅದಕ್ಕೆ ಲೆನ್ಸ್ ಕಾರಣವಲ್ಲ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಹಲವು ಬಗೆಯ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಕ್ಯಾಮೆರಾದಲ್ಲಿ ಮಿನುಗು ತಡೆಯುವ ಸೌಲಭ್ಯವಿದ್ದರೆ ಅದನ್ನು ಬಳಸಬೇಕು, ಬಣ್ಣವನ್ನು ಆಮೇಲೆ ಸರಿಪಡಿಸಲು ಅನುವಾಗುವಂತೆ ಚಿತ್ರಗಳನ್ನು ರಾ (ಸಂಸ್ಕರಿಸದ) ರೂಪದಲ್ಲಿ ಉಳಿಸಿಕೊಳ್ಳಬೇಕು.

ಪ್ರೇಕ್ಷಕರ ಗ್ಯಾಲರಿಯಿಂದಲೇ ಚಿತ್ರ ತೆಗೆಯಬೇಕಾದವರಿಗೆ ಈ ಲೆನ್ಸ್ ಸಾಲದು. ಅವರು ಸುಮಾರು ಒಂದೂವರೆ ಕಿಲೋ ತೂಗುವ, ಬೆಲೆಯೂ ಹಲವು ಪಟ್ಟಿರುವ 70-200 ಎಂಎಂ ಎಫ್/2.8 ಜೂಮ್ ಲೆನ್ಸ್ ಕಡೆಗೇ ನೋಡಬೇಕು. ಅಂಕಣದ ಅಂಚಿನಲ್ಲಿ ಕುಳಿತುಕೊಳ್ಳಲು ಅನುಮತಿ ಇರುವವರಿಗೆ ನಾನು ಮೊದಲು ಸೂಚಿಸುವುದು ಇದನ್ನೇ. ಇಓಎಸ್ ಆರ್ ಸರಣಿಯ ಮಿರರ್‌ಲೆಸ್ ಕ್ಯಾಮೆರಾ ಇರುವವರೂ ಕ್ಯಾನನ್‌ನ ಅಡಾಪ್ಟರ್ ಹಾಕಿಕೊಂಡು ಇದನ್ನು ಆಟೋಫೋಕಸ್ ಸಹಿತ ಬಳಸಬಹುದು.